ಇಪ್ಪತ್ತಕ್ಕೂ ಮೂವತ್ತಕ್ಕೂ ಎಷ್ಟು ದೂರ?

ಮೈಸೂರಿನಲ್ಲಿ ನನ್ನ ಮನೆಯಿಂದ ಆಫೀಸಿಗೆ ಸುಮಾರು ಹತ್ತು ಕಿಲೋಮೀಟರ್. ಗೇರ್ ಸೈಕಲ್ ಕೊಂಡ ಹೊಸದರಲ್ಲಿ ಆ ದಾರಿಯನ್ನು ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ತುಳಿಯುತ್ತಿದ್ದೆ. ಹ್ಯಾಂಡಲ್ ಮೇಲಿನ ಪುಟ್ಟ ಮೀಟರು ಗಂಟೆಗೆ 30 ಕಿಲೋಮೀಟರ್ ತೋರಿಸಿದರೆ ಖುಷಿ. 20ಕ್ಕೆ ಇಳಿದರೆ ಏನೋ ಅವಮಾನ. ಬೆವರಿನಲ್ಲಿ ತೊಯ್ದು ಆಫೀಸು ಸೇರುವುದು, ಅಂಗಿ ಬದಲಿಸುವುದು, ಹನ್ನೊಂದು ಗಂಟೆಗೆಲ್ಲ ಕೂತಲ್ಲೇ ತೂಕಡಿಸುವುದು. ಇದೇ ದಿನಚರಿ.

ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಹಿಂದೆಲ್ಲೋ ನಾನು ಜೋರಾಗಿ ದಾಟಿ ಬಂದಿದ್ದ ಹುಡುಗಿಯೊಬ್ಬಳು ಪಕ್ಕದಲ್ಲೇ ಬಂದು ಕಾಲೂರಿದಳು. ಬೆನ್ನಿಗೆ ಸ್ಕೂಲ್ ಬ್ಯಾಗು, ಮುಂದೆ ಬುಟ್ಟಿ ಇರುವ ಲೇಡಿಬರ್ಡ್ ಸೈಕಲ್ಲು. ನಾನು ಏದುಸಿರು ಬಿಡುತ್ತಿದ್ದೆ. ಅವಳಿಗೆ ಉಸಿರೇ ಏರಿರಲಿಲ್ಲ. ಹಸಿರು ದೀಪ ಬಂತು, ನಾನು ಮತ್ತೆ ನುಗ್ಗಿದೆ. ಮುಂದಿನ ಸಿಗ್ನಲ್ಲಿನಲ್ಲಿ ಅವಳು ಮತ್ತೆ ಹಾಜರು!

ಅವತ್ತು ಸಂಜೆ ಕೂತು ಲೆಕ್ಕ ಹಾಕಿದೆ. 20ಕ್ಕೂ 30ಕ್ಕೂ ನಡುವೆ ಇರುವುದು ಹತ್ತು ಮಾತ್ರ ಅಂತ ನಾನು ತಿಳಿದುಕೊಂಡಿದ್ದೆ.

ಮೊದಲು ಗಾಳಿಯ ಲೆಕ್ಕ. ಗಾಳಿಗೆ ತೂಕವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಘನಮೀಟರ್ ಗಾಳಿ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿಯೇ ತೂಗುತ್ತದೆ. ಸೈಕಲ್ಲಿನ ಮೇಲೆ ನೆಟ್ಟಗೆ ಕೂತವರನ್ನು ಮುಂದಿನಿಂದ ನೋಡಿದರೆ ಹೆಚ್ಚುಕಡಿಮೆ ಅರ್ಧ ಚದರ ಮೀಟರ್ ಜಾಗ. 30 ಕಿ.ಮೀ. ವೇಗದಲ್ಲಿ ಹೋಗುವಾಗ ಪ್ರತಿ ಸೆಕೆಂಡಿಗೆ ನಾಲ್ಕೈದು ಕೆಜಿ ಗಾಳಿಯನ್ನು ಪಕ್ಕಕ್ಕೆ ತಳ್ಳಬೇಕು. ಈಗ ನೋಡಿ, ವೇಗ ಒಂದೂವರೆ ಪಟ್ಟು ಆದರೆ ಸೆಕೆಂಡಿಗೆ ಎದುರಾಗುವ ಗಾಳಿಯೂ ಒಂದೂವರೆ ಪಟ್ಟು. ಅದನ್ನು ಗುದ್ದುವ ವೇಗವೂ ಒಂದೂವರೆ ಪಟ್ಟು. ಎರಡೂ ಸೇರಿ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಆ ತಡೆಯ ಎದುರು ಮತ್ತೆ ಒಂದೂವರೆ ಪಟ್ಟು ಬೇಗ ಸಾಗಬೇಕಲ್ಲ? ಹಾಗಾಗಿ ಗಾಳಿಗೆಂದೇ ಕಾಲು ಕೊಡಬೇಕಾದ ಶಕ್ತಿ ಸುಮಾರು 3.4 ಪಟ್ಟು.

ಟಯರು ನೆಲಕ್ಕೆ ಒತ್ತಿ ಉರುಳುವಾಗಲೂ ಸ್ವಲ್ಪ ಶಕ್ತಿ ಹೋಗುತ್ತದೆ. ಅದು ಇಷ್ಟು ದುಬಾರಿಯಲ್ಲ. (ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ ಅದೂ ದುಬಾರಿಯೇ. ವಾರಕ್ಕೊಮ್ಮೆ ಪಂಪ್ ಹೊಡೆಯುವುದು ನನಗೆ ಗೊತ್ತಿರುವ ಅತ್ಯಂತ ಅಗ್ಗದ ಟ್ರೇನಿಂಗ್.) ಸವಾರ ಮತ್ತು ಸೈಕಲ್ ಸೇರಿ 85 ಕೆಜಿ, ಸಮತಟ್ಟಾದ ರಸ್ತೆ, ಎದುರುಗಾಳಿ ಇಲ್ಲ ಅಂತ ಇಟ್ಟುಕೊಂಡರೆ 20ರಲ್ಲಿ ಹೋಗಲು ಸುಮಾರು 75 ವಾಟ್ ಸಾಕು. 30ಕ್ಕೆ ಸುಮಾರು 200 ವಾಟ್ ಬೇಕು. ಮೊದಲನೆಯದು ಬಿರುಸಾಗಿ ನಡೆದಷ್ಟು ಶ್ರಮ. ಎರಡನೆಯದನ್ನು ಅಭ್ಯಾಸವಿಲ್ಲದವರು ಬಹಳ ಹೊತ್ತು ತಡೆದುಕೊಳ್ಳಲಾರರು.

ಬೆವರಿನ ಗುಟ್ಟೂ ಇಲ್ಲೇ ಇದೆ. ನಮ್ಮ ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಪೆಡಲ್ ಮುಟ್ಟುವುದು ಕಾಲು ಭಾಗದಷ್ಟು. ಮಿಕ್ಕದ್ದೆಲ್ಲ ಶಾಖ. ಪೆಡಲ್ಲಿಗೆ 200 ವಾಟ್ ಕೊಡುವಾಗ ಮೈಯಿಂದ 600, 700 ವಾಟ್ ಶಾಖ ಹೊರಬೀಳುತ್ತಿರುತ್ತದೆ. ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು! ಓಡುವಾಗ ಗಾಳಿ ಬೀಸುವುದರಿಂದ ಅದು ತಿಳಿಯುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತ ತಕ್ಷಣ ಗಾಳಿ ನಿಲ್ಲುತ್ತದೆ, ಇಸ್ತ್ರಿ ಪೆಟ್ಟಿಗೆ ಆರುವುದಿಲ್ಲ. ಬೆವರು ಧಾರಾಕಾರ.

ಇಷ್ಟೆಲ್ಲ ಕೊಟ್ಟು ಉಳಿಸುವುದೇನು? ಸಿಗ್ನಲ್ಲುಗಳೇ ಇಲ್ಲದ ಹತ್ತು ಕಿಲೋಮೀಟರಿನಲ್ಲಿ ಹತ್ತು ನಿಮಿಷ. ಊರೊಳಗೆ ಆ ಉಳಿತಾಯದ ಬಹುಪಾಲು ಕೆಂಪು ದೀಪದ ಪಾಲು.

ಸುಸ್ತಿನ ಮಾತು ಬಿಡಿ, ಬಿದ್ದರೆ? ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿರುತ್ತೇವೆ. ಅದನ್ನು ಎತ್ತರಕ್ಕೆ ಬದಲಿಸಿ ನೋಡಿದರೆ ಮೈ ಝುಂ ಅನ್ನುತ್ತದೆ. 20ರ ವೇಗದಲ್ಲಿ ಗೋಡೆಗೆ ಹೊಡೆದರೆ ಒಂದೂವರೆ ಮೀಟರ್ ಎತ್ತರದಿಂದ ಬಿದ್ದಂತೆ. 30ರಲ್ಲಿ ಹೊಡೆದರೆ ಮೂರೂವರೆ ಮೀಟರ್. ಮಹಡಿಯಿಂದ ಬಿದ್ದ ಹಾಗೆ. ಬೆಟ್ಟ ಇಳಿಯುವಾಗ 50 ಮುಟ್ಟಿದರೆ ಹತ್ತು ಮೀಟರಿನ ಹತ್ತಿರ, ಅಂದರೆ ಮೂರು ಮಹಡಿ.

ಯೂರೋಪಿನಲ್ಲಿ ಸೈಕಲ್ ಹೆಲ್ಮೆಟ್ಟುಗಳಿಗೆ ಇಎನ್ 1078 ಅನ್ನುವ ಮಾನದಂಡವಿದೆ. ಅದರ ಪ್ರಕಾರ ಹೆಲ್ಮೆಟ್ಟನ್ನು ಸಮತಟ್ಟಾದ ಲೋಹದ ಮೇಲೆ ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ ಬೀಳಿಸಿ ಪರೀಕ್ಷಿಸುತ್ತಾರೆ. ಲೆಕ್ಕ ಹಾಕಿ, ಅದು ಒಂದೂವರೆ ಮೀಟರಿನಿಂದ ಬಿದ್ದ ವೇಗ, ಗಂಟೆಗೆ ಸುಮಾರು 20 ಕಿಲೋಮೀಟರ್. ಸೈಕಲ್ಲಿನಿಂದ ಉರುಳಿ ತಲೆ ನೆಲಕ್ಕೆ ಬಡಿಯುವುದು ಹೆಚ್ಚಾಗಿ ಅಷ್ಟೇ ಎತ್ತರದಿಂದ. ಅದಕ್ಕೆ ಈ ಪರೀಕ್ಷೆ ಸರಿಯಾಗಿಯೇ ಇದೆ. ಆದರೆ ಮೂರು ಮಹಡಿಗೆ ಅದು ಮಾಡಿದ್ದಲ್ಲ. ಹೆಲ್ಮೆಟ್ ಒಳಗಿರುವುದು ಥರ್ಮಾಕೋಲಿನ ಜಾತಿಯ ನೊರೆ. ಬಡಿದಾಗ ಅದು ನುಜ್ಜಾಗುತ್ತದೆ, ನುಜ್ಜಾಗುವಷ್ಟು ಹೊತ್ತು ತಲೆ ನಿಧಾನವಾಗಿ ನಿಲ್ಲುತ್ತದೆ. ಒಮ್ಮೆ ನುಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಬಿದ್ದ ಹೆಲ್ಮೆಟ್ಟನ್ನು ಹೊರಗೆ ಚೆನ್ನಾಗಿದೆ ಅಂತ ಇಟ್ಟುಕೊಳ್ಳಬೇಡಿ.

ಬೀಳುವುದಕ್ಕಿಂತ ನಿಲ್ಲುವುದು ಮೇಲು. ಅಡ್ಡ ಬಂದ ನಾಯಿಯನ್ನು ಕಂಡು ಕೈ ಬ್ರೇಕ್ ಹಿಡಿಯುವುದಕ್ಕೆ ಒಂದು ಸೆಕೆಂಡು ಬೇಕು ಅಂತಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ 20ರಿಂದ ಪೂರ್ತಿ ನಿಲ್ಲಲು ಒಟ್ಟು ಒಂಬತ್ತು ಮೀಟರ್ ಬೇಕಾಗುತ್ತದೆ. 30ರಿಂದ ಹದಿನೈದಕ್ಕೂ ಜಾಸ್ತಿ. ನಡುವಿನ ಆರು ಮೀಟರಿನಲ್ಲಿ ಒಂದು ಕಾರು ಆರಾಮಾಗಿ ನಿಲ್ಲುತ್ತದೆ. ಇದೂ ಎರಡೂ ಬ್ರೇಕನ್ನು ಸರಿಯಾಗಿ ಹಿಡಿದರೆ ಮಾತ್ರ. ನಮ್ಮಲ್ಲಿ ಬಹಳ ಜನ ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಹೊಡೆಯುತ್ತೇವೆ ಅಂತ ಹೆದರಿ ಹಿಂದಿನದನ್ನೇ ಹಿಡಿಯುತ್ತಾರೆ. ನಾನೂ ಹಾಗೇ ಕಲಿತವನು. ಆದರೆ ಬ್ರೇಕ್ ಹಿಡಿದ ಕ್ಷಣ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗಿ ಸುಮ್ನೆ ಜಾರುತ್ತದೆ. ಹಿಂದಿನದೊಂದನ್ನೇ ನಂಬಿದರೆ ಬ್ರೇಕ್ ಹಿಡಿದ ಮೇಲೆ ಹತ್ತಿರ ಹತ್ತಿರ ಎರಡು ಪಟ್ಟು ದೂರ ಹೋಗುತ್ತೀರಿ. ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿ. ಸೊಂಟವನ್ನು ಸೀಟಿನ ಹಿಂದಕ್ಕೆ ಸರಿಸಿ, ಕೈ ನೇರ ಮಾಡಿ, ಮುಂದಿನ ಬ್ರೇಕನ್ನು ಕಿತ್ತಂತೆ ಎಳೆಯದೆ ಹಿಂಡುತ್ತಾ ಹೋಗಿ. ಅದಕ್ಕೂ ಮುಂಚೆ ಯಾವ ಕೈಗೆ ಯಾವ ಬ್ರೇಕ್ ಅಂತ ನೋಡಿಕೊಳ್ಳಿ, ಎಲ್ಲ ಸೈಕಲ್ಲಿನಲ್ಲೂ ಒಂದೇ ಥರ ಇರುವುದಿಲ್ಲ. ಮರಳು, ಒದ್ದೆ ತಿರುವು ಇದ್ದಲ್ಲಿ ಮಾತ್ರ ಮುಂದಿನದರ ಮೇಲೆ ಜೋರು ಬೇಡ. ಅಲ್ಲಿ ಮುಂದಿನ ಚಕ್ರ ಜಾರಿದರೆ ಬೀಳುವುದೇ. ಮಳೆಯಲ್ಲಿ ರಿಮ್ ಹಿಡಿಯುವ ಬ್ರೇಕಾದರೆ ರಬ್ಬರು ಮೊದಲು ನೀರನ್ನು ಒರೆಸಬೇಕು, ಆಮೇಲಷ್ಟೇ ಹಿಡಿತ.

ಇದೆಲ್ಲ ನಮ್ಮ ಕೈಯಲ್ಲಿರುವ ವೇಗ. ನಮ್ಮ ಕೈಯಲ್ಲಿಲ್ಲದ ವೇಗ ಇನ್ನೊಂದಿದೆ. ಒಂದು ಕಾರು 30ರಲ್ಲಿ ಬರುತ್ತಿದೆ. ಡ್ರೈವರ್ ನಿಮ್ಮನ್ನು ಕಂಡು ಒಂದು ಸೆಕೆಂಡಿಗೆ ಬ್ರೇಕ್ ತುಳಿದರೆ ಹದಿಮೂರು ಮೀಟರಿನಲ್ಲಿ ಕಾರು ನಿಂತಿರುತ್ತದೆ. ಅದೇ ಕಾರು 50ರಲ್ಲಿ ಬಂದಿದ್ದರೆ? ಒಂದು ಸೆಕೆಂಡಿನಲ್ಲಿ ಅದು ಹದಿನಾಲ್ಕು ಮೀಟರ್ ಬಂದಾಗಿರುತ್ತದೆ. ಮೊದಲ ಕಾರು ನಿಂತ ಜಾಗವನ್ನು ಎರಡನೆಯದು ಬ್ರೇಕೇ ಮುಟ್ಟದೆ, ಪೂರ್ತಿ 50ರಲ್ಲಿ ದಾಟಿರುತ್ತದೆ. ಈ ಲೆಕ್ಕ ಮೊದಲ ಸಲ ಮಾಡಿದಾಗ ತಪ್ಪಾಯಿತೇನೋ ಅಂತ ಮತ್ತೆ ಮಾಡಿದೆ. ತಪ್ಪಿರಲಿಲ್ಲ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ನಾನಾ ದೇಶಗಳ ಸಚಿವರ ಸಮ್ಮೇಳನ ನಡೆಯಿತು. ನಡೆಯುವವರು, ಸೈಕಲ್ಲಿನವರು ವಾಹನಗಳ ಜೊತೆ ಬೆರೆತು ಓಡಾಡುವ ಕಡೆ ಮಿತಿ 30 ಇರಲಿ ಅಂತ ಅದರ ಘೋಷಣೆ ಹೇಳಿತು. 30 ಅನ್ನುವ ಸಂಖ್ಯೆ ಸುಮ್ನೆ ಬಂದದ್ದಲ್ಲ.

ಎದುರು ಬದಿಯಲ್ಲಿ ಹೋದರೆ ಬರುವ ಗಾಡಿ ಕಾಣುತ್ತದೆ, ಅದೇ ಸುರಕ್ಷಿತ ಅಂತ ಹೇಳುವವರಿದ್ದಾರೆ. ಕಾಣುತ್ತದೆ ನಿಜ, ಸಮಯ ಎಲ್ಲಿದೆ? ನೀವು 20, ಕಾರು 50. ಒಂದೇ ದಿಕ್ಕಿನಲ್ಲಾದರೆ ಕಾರು ನಿಮ್ಮನ್ನು 30ರ ವೇಗದಲ್ಲಿ ಸಮೀಪಿಸುತ್ತದೆ. ಐವತ್ತು ಮೀಟರ್ ದೂರದಲ್ಲಿ ಕಂಡರೆ ಆರು ಸೆಕೆಂಡು ಸಿಗುತ್ತದೆ. ಎದುರುಬದುರಾದರೆ ವೇಗ 70, ಎರಡೂವರೆ ಸೆಕೆಂಡು. ಅದರಲ್ಲಿ ಒಂದು ಸೆಕೆಂಡು ಗಾಬರಿಗೇ ಹೋಯಿತು. ಇಷ್ಟರ ಮೇಲೆ ಪಕ್ಕದ ರಸ್ತೆಯಿಂದ ಎಡಕ್ಕೆ ತಿರುಗುವವರು ಆ ದಿಕ್ಕಿಗೆ ನೋಡುವುದೇ ಇಲ್ಲ.

ನಿಂತ ಕಾರಿನ ಬಾಗಿಲೂ ಅಷ್ಟೇ. ತೆರೆದ ಬಾಗಿಲು ಸುಮಾರು ಒಂದು ಮೀಟರ್ ಚಾಚುತ್ತದೆ. ನಿಂತ ಕಾರುಗಳ ಸಾಲಿನಿಂದ ಅಷ್ಟು ಬಿಟ್ಟು ಹೋಗಿ, ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ. ನೀವೇ ಕಾರಿನಲ್ಲಿದ್ದರೆ ಬಲಗಡೆ ಬಾಗಿಲನ್ನು ಎಡಗೈಯಿಂದ ತೆಗೆಯಿರಿ. ನೆದರ್‌ಲೆಂಡ್ಸ್‌ನವರ ಅಭ್ಯಾಸ ಅಂತ ಹೆಸರಾದ ಉಪಾಯ ಇದು (ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಹಾಗಾಗಿ ಕೈ ಅದಲುಬದಲು). ದೂರದ ಕೈ ಚಾಚಿದಾಗ ಮೈ ತಿರುಗುತ್ತದೆ, ಮೈ ತಿರುಗಿದರೆ ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ.

ಹಾಗಂತ ನಿಧಾನ ಎಷ್ಟಿದ್ದರೂ ಒಳ್ಳೆಯದು ಅಂತಲ್ಲ. ಸೈಕಲ್ ನೆಟ್ಟಗೆ ನಿಲ್ಲುವುದು ಅದು ಬೀಳುವ ಕಡೆಗೇ ಹ್ಯಾಂಡಲ್ ತಿರುಗಿ, ಚಕ್ರಗಳು ಮತ್ತೆ ಭಾರದ ಕೆಳಗೆ ಬರುವುದರಿಂದ. ವೇಗ ಇದ್ದಾಗ ಕೂದಲೆಳೆಯಷ್ಟು ತಿರುಗಿದರೆ ಸಾಕು. ವೇಗ ಕುಗ್ಗಿದಷ್ಟೂ ತಿರುವು ದೊಡ್ಡದಾಗಬೇಕು, ಅದಕ್ಕೇ ಓಲಾಡುತ್ತೇವೆ. ಏರು ಹತ್ತುತ್ತಿರುವ ಸೈಕಲ್ಲಿನವರಿಗೆ ಗಾಡಿಯವರು ಜಾಸ್ತಿ ಜಾಗ ಬಿಡಬೇಕು ಅನ್ನುವುದು ಇದಕ್ಕೇ. ಅವರು ಕುಡಿದಿಲ್ಲ, ಭೌತಶಾಸ್ತ್ರ ಪಾಲಿಸುತ್ತಿದ್ದಾರೆ.

ಇನ್ನು ಅಭ್ಯಾಸದ ವಿಷಯ. ಹವ್ಯಾಸಿಗಳಾದ ನಾವು ಎಡವುವುದು ಇಲ್ಲೇ. ದಿನಾ ಏದುಸಿರು ಬಿಡುವಷ್ಟು ತುಳಿದರೆ ದಿನಾ ಗಟ್ಟಿಯಾಗುತ್ತೇವೆ ಅಂದುಕೊಳ್ಳುತ್ತೇವೆ. ನಾರ್ವೆಯಲ್ಲಿ ಕೆಲಸ ಮಾಡುವ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ದೊಡ್ಡ ದೊಡ್ಡ ದೂರದೋಟಗಾರರು, ಸೈಕಲ್, ಸ್ಕೀ, ದೋಣಿ ಸ್ಪರ್ಧಿಗಳು ಹೇಗೆ ತಯಾರಾಗುತ್ತಾರೆ ಅಂತ ನೋಡಿದರು. ಕಂಡದ್ದು ಇದು: ಸುಮಾರು ಶೇ. 80ರಷ್ಟು ಅಭ್ಯಾಸ ಹಗುರವಾದದ್ದು. ನಿಜವಾಗಿ ಕಷ್ಟದ್ದು ಉಳಿದ ಸ್ವಲ್ಪ ಮಾತ್ರ. ನಾವು ಮಾಡುವುದು ಎರಡೂ ಅಲ್ಲದ ನಡುವಿನದ್ದು. ಸುಸ್ತಾಗುವಷ್ಟು ಜೋರು, ಆದರೆ ಪ್ರಯೋಜನ ಕಾಣುವಷ್ಟಲ್ಲ.

ಹಗುರವಾಗಿ ಬಹಳ ಹೊತ್ತು ತುಳಿದಾಗ ಸ್ನಾಯುವಿನ ಒಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಅವುಗಳಿಗೆ ರಕ್ತ ತರುವ ಕೂದಲಿನಷ್ಟು ಸಣ್ಣ ನಾಳಗಳು ಹೆಚ್ಚುತ್ತವೆ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುತ್ತದೆ. ಕೊಬ್ಬನ್ನು ಉರಿಸುವ ರೂಢಿಯೂ ಬೀಳುತ್ತದೆ. ಇದು ಮುಖ್ಯ, ಯಾಕೆಂದರೆ ಮೈಯಲ್ಲಿ ಸಕ್ಕರೆಯ ದಾಸ್ತಾನು ಅರ್ಧ ಕೆಜಿಯಷ್ಟು, ಹೆಚ್ಚೆಂದರೆ 2000 ಕ್ಯಾಲೊರಿ. ಒಂದೇ ಒಂದು ಕೆಜಿ ಕೊಬ್ಬಿನಲ್ಲಿ 7000ಕ್ಕೂ ಜಾಸ್ತಿ ಇದೆ. ಜೋರಾಗಿ ತುಳಿದಷ್ಟೂ ಮೈ ಸಕ್ಕರೆಯ ಡಬ್ಬಕ್ಕೇ ಕೈ ಹಾಕುತ್ತದೆ. ಅದು ಖಾಲಿಯಾದಾಗ ಕಾಲು ಕಟ್ಟಿಹಾಕಿದಂತಾಗುವುದು ದೂರದ ಸವಾರಿ ಮಾಡಿದವರಿಗೆಲ್ಲ ಗೊತ್ತು. ಹಗುರ ಅಂದರೆ ಎಷ್ಟು ಅಂತ ಅಳೆಯಲು ದುಬಾರಿ ವಾಚು ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ನಾನೀಗ ಆಫೀಸಿನ ದಾರಿಯನ್ನೆಲ್ಲ ಇದಕ್ಕೇ ಬಿಟ್ಟುಕೊಟ್ಟಿದ್ದೇನೆ. ಏದುಸಿರಿಗೆ ಭಾನುವಾರ ಇದೆ.

ಭಾನುವಾರ ಅಂದರೆ ಚಾಮುಂಡಿ ಬೆಟ್ಟ. ಊರಿನಿಂದ ಸುಮಾರು 300 ಮೀಟರ್ ಎತ್ತರ. ಇಲ್ಲಿ ಗಾಳಿಯಲ್ಲ, ಭಾರ ಎದುರಾಳಿ. ಗೇರ್ ಇಲ್ಲದ ಹಳೇ ಸೈಕಲ್ಲು ಪೆಡಲ್ ಒಂದು ಸುತ್ತು ತಿರುಗಿದರೆ ಐದು ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಏರಿನಲ್ಲಿ ಪ್ರತಿ ತುಳಿತಕ್ಕೂ ಹೆಚ್ಚುಕಡಿಮೆ ಮೈಭಾರವನ್ನೆಲ್ಲ ಹಾಕಬೇಕು. ಗೇರ್ ಸೈಕಲ್ಲಿನ ಅತಿ ಸಣ್ಣ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ. ಒಟ್ಟು ಕೆಲಸ ಅಷ್ಟೇ, ಆದರೆ ಸಣ್ಣ ಸಣ್ಣ ಕಂತಿನಲ್ಲಿ. ಮಂಡಿ ಉಳಿಯುವುದು ಇದರಿಂದ. (ಸೀಟು ತಗ್ಗಾಗಿದ್ದರೂ ಮಂಡಿ ನೋಯುತ್ತದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಅಷ್ಟು ಎತ್ತರ ಸರಿ.) 85 ಕೆಜಿಯನ್ನು ಬೆಟ್ಟದ ಮೇಲೆ ಎತ್ತುವುದಕ್ಕೆ ಮೈ ಖರ್ಚು ಮಾಡುವುದು ಸುಮಾರು 250 ಕ್ಯಾಲೊರಿ. ಇಳಿದು ಬಂದು ಎರಡು ಮಸಾಲೆ ದೋಸೆ ತಿನ್ನುವವರು ಈ ಸಾಲನ್ನು ಓದದಿದ್ದರೂ ಪರವಾಗಿಲ್ಲ. ನಾನೂ ಅದೇ ಗುಂಪು.

ಹತ್ತಿಸಿದ ಭಾರವನ್ನು ಇಳಿಸಬೇಕಲ್ಲ? ಗಾಳಿಯೂ ಬ್ರೇಕೂ ಇಲ್ಲದ ಲೋಕದಲ್ಲಿ 300 ಮೀಟರ್ ಇಳಿದ ಸೈಕಲ್ಲು ಬೆಟ್ಟದ ಬುಡದಲ್ಲಿ ಗಂಟೆಗೆ 276 ಕಿಲೋಮೀಟರ್ ವೇಗದಲ್ಲಿರುತ್ತಿತ್ತು. ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಒಟ್ಟಾರೆ ಮುಕ್ಕಾಲು ಲೀಟರ್ ನೀರು ಕುದಿಸುವಷ್ಟಿದೆ ಅದು. ಜೋರಾಗಿ ಇಳಿದರೆ ಹೆಚ್ಚಿನ ಪಾಲನ್ನು ಗಾಳಿ ತಿನ್ನುತ್ತದೆ. ನಿಧಾನವಾಗಿ ಇಳಿದರೆ ಬ್ರೇಕು ತಿನ್ನುತ್ತದೆ. ಅದಕ್ಕೇ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದುಕೊಂಡೇ ಬರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ರಿಮ್ ಆರಲು ಬಿಡಿ. ಇಲ್ಲದಿದ್ದರೆ ಟ್ಯೂಬ್ ಢಂ ಅನ್ನಬಹುದು. ಕೆಳಗೆ ಬಂದ ಮೇಲೆ ರಿಮ್ಮಿನ ಹತ್ತಿರ ಕೈ ಹಿಡಿದು ನೋಡಿ, ನೀವೇ ಬೆಳಿಗ್ಗೆ ತುಳಿದು ಹತ್ತಿಸಿದ ಬಿಸಿ ಅದು. ಡಿಸ್ಕ್ ಬ್ರೇಕಾದರೆ ಮುಟ್ಟಬೇಡಿ, ಬೆರಳು ಸುಡುತ್ತದೆ. ನನ್ನದು ಒಮ್ಮೆ ಸುಟ್ಟಿದೆ.