ಕಾರಿನ ಕೆಳಗೆ ‘ಕಟಕ್’ ಎಂದ ಮಾತ್ರಕ್ಕೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದಲ್ಲ

ಪ್ರಶ್ನೆ: ನನ್ನದು 2006ರ ಮಾರುತಿ ಆಲ್ಟೊ. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಎಡಗಡೆಯಿಂದ ‘ಕಟಕ್, ಕಟಕ್’ ಎಂದು ಸದ್ದು ಬರುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಗ್ಯಾರೇಜಿನಲ್ಲಿ ಮುಂದಿನ ಎರಡನ್ನೂ ಬದಲಿಸಿದರು. ಒಂದು ವಾರ ಸದ್ದಿರಲಿಲ್ಲ. ಈಗ ಮತ್ತೆ ಶುರುವಾಗಿದೆ. ಹಿಂದಿನ ಎರಡನ್ನೂ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?

ಬೇಡ. ದಯವಿಟ್ಟು ಬೇಡ.

ಕಾರಿನ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಸ್ಯಾಂಟ್ರೊ ಇಟ್ಟುಕೊಂಡವರು ಕೇಳಿದ್ದಾರೆ, ವ್ಯಾಗನ್‌ಆರ್ ಇಟ್ಟುಕೊಂಡವರು ಕೇಳಿದ್ದಾರೆ, ಇಂಡಿಕಾದವರು ಕೇಳಿದ್ದಾರೆ. ಮಳೆಗಾಲ ಮುಗಿದು ರಸ್ತೆಯ ಗುಂಡಿಗಳೆಲ್ಲ ಬಾಯಿ ತೆರೆದು ಕುಳಿತ ಮೇಲಂತೂ ಈ ಪ್ರಶ್ನೆಗೆ ಬಿಡುವೇ ಇಲ್ಲ. ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಚುಟುಕಾಗಿ ಹೇಳಿದ್ದರಿಂದಲೇ ಯಾರ ತಲೆಯಲ್ಲೂ ನಿಂತಿಲ್ಲವೇನೋ ಎನ್ನಿಸಿ, ಈ ಸಲ ಬುಡದಿಂದ ಬಿಡಿಸಿ ಹೇಳುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಕೆಲಸ. ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿಯ ಬೋಲ್ಟು ಬಿಗಿಯಾಗಿದೆಯೇ ನೋಡಿ. ಜಾಕು, ಪಾನಾಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಮನೆಯಲ್ಲಿಡಿ. ಸೀಟಿನ ಕೆಳಗೆ ಉರುಳಾಡುವ ನೀರಿನ ಬಾಟಲಿ ತೆಗೆಯಿರಿ. ಆಮೇಲೆ ಅದೇ ರಸ್ತೆಯಲ್ಲಿ, ಅದೇ ಗುಂಡಿಯ ಮೇಲೆ ಒಂದು ಸುತ್ತು ಹೋಗಿ ಬನ್ನಿ. ಸದ್ದು ಇನ್ನೂ ಇದ್ದರೆ ಮಾತ್ರ ಮುಂದಿನದನ್ನು ಓದಿ.

ಈಗ ಶಾಕ್ ಅಬ್ಸಾರ್ಬರ್ ವಿಷಯಕ್ಕೆ ಬರೋಣ. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಅಲ್ಲ. ಗುಂಡಿಗೆ ಇಳಿದು ಎದ್ದ ಸ್ಪ್ರಿಂಗನ್ನು ಅದರ ಪಾಡಿಗೆ ಬಿಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ತಡೆಯುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗೆ ಎಣ್ಣೆ ಇರುತ್ತದೆ, ಎಣ್ಣೆಯಲ್ಲಿ ಪಿಸ್ಟನ್ ಇರುತ್ತದೆ, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳಿರುತ್ತವೆ. ಆ ತೂತುಗಳಲ್ಲಿ ಎಣ್ಣೆ ಕಷ್ಟಪಟ್ಟು ನುಸುಳುವಾಗ ತೂಗಾಟದ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಹಾಗಾದರೆ ಶಾಕ್ ಅಬ್ಸಾರ್ಬರ್ ಕೆಟ್ಟರೆ ಏನಾಗಬೇಕು? ಎಣ್ಣೆ ಸೋರುತ್ತದೆ, ತಡೆ ಕಡಿಮೆಯಾಗುತ್ತದೆ, ಕಾರು ದೋಣಿಯಂತೆ ಏಳುತ್ತದೆ, ಬೀಳುತ್ತದೆ. ಬ್ರೇಕ್ ಹಾಕಿದಾಗ ಮೂತಿ ಜಾಸ್ತಿ ಬಾಗುತ್ತದೆ. ಟಯರಿನ ಮೈ ಅಲ್ಲಲ್ಲಿ ಬಟ್ಟಲು ಕೊರೆದಂತೆ ಸವೆಯುತ್ತದೆ. ಇದಿಷ್ಟರಲ್ಲಿ ‘ಕಟಕ್’ ಎಲ್ಲಿದೆ?

‘ಕಟಕ್’ ಎನ್ನಬೇಕಾದರೆ ಎರಡು ಗಟ್ಟಿ ವಸ್ತುಗಳ ನಡುವೆ ಸಂದು ಇರಬೇಕು. ಒಂದು ಇನ್ನೊಂದಕ್ಕೆ ಹೋಗಿ ಬಡಿಯಬೇಕು. ಮೆಕ್ಯಾನಿಕ್‌ಗಳು ಈ ಸಂದನ್ನೇ ‘ಪ್ಲೇ’ ಎನ್ನುವುದು. ಕಾರಿನ ಕೆಳಭಾಗದಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಕಾಯುತ್ತಿರುವುದು ರಬ್ಬರಿನ ಬುಷ್‌ಗಳು. ಹದಿನೈದು, ಇಪ್ಪತ್ತು ವರ್ಷದ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಮುದಿಯಾಗುವುದು ಇದೇ ರಬ್ಬರು. ಬಿಸಿಲಿಗೆ, ಕೆಸರಿಗೆ, ಸೋರಿದ ಎಣ್ಣೆಗೆ ಅದು ಗಟ್ಟಿಯಾಗುತ್ತದೆ, ಬಿರಿಯುತ್ತದೆ, ಪುಡಿಯಾಗಿ ಉದುರುತ್ತದೆ. ರಬ್ಬರು ಹೋದ ಜಾಗದಲ್ಲಿ ಸಂದು, ಸಂದಿನಲ್ಲಿ ಸದ್ದು.

ಶಾಕ್ ಅಬ್ಸಾರ್ಬರ್ ಎಂದೂ ಸದ್ದು ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಒಳಗಿನ ಕವಾಟ ಮುರಿದರೆ ಬಡಿಯುತ್ತದೆ. ಮೇಲ್ತುದಿಯ ನಟ್ಟು ಸಡಿಲವಾಗಿದ್ದರೂ ಬಡಿಯುತ್ತದೆ. ಆದರೆ ಅನುಮಾನ ಹೋಗಬೇಕಾದದ್ದು ಮೊದಲು ಬುಷ್‌ಗಳ ಮೇಲೆ, ಭಾಗಗಳನ್ನು ಕೂಡಿಸುವ ಸಣ್ಣ ಸರಳಾದ ಲಿಂಕ್ ರಾಡ್, ಚಕ್ರದ ಬುಡದ ಗುಂಡುಕೀಲಾದ ಬಾಲ್ ಜಾಯಿಂಟ್‌ಗಳ ಮೇಲೆ. ಶಾಕ್ ಅಬ್ಸಾರ್ಬರಿನ ಸರದಿ ಆಮೇಲೆ.

ಇಷ್ಟಾದರೂ ಈ ತಪ್ಪು ನಂಬಿಕೆ ಸಾಯುವುದಿಲ್ಲ. ಅದಕ್ಕೆ ಎರಡು ಕಾರಣಗಳನ್ನು ನಾನು ಕಂಡಿದ್ದೇನೆ.

ಒಂದು, ಹೆಸರಿನ ಗೊಂದಲ. ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಈ ವ್ಯವಸ್ಥೆ 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಬಂತು. ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಆಧಾರ, ಈ ಮೂರೂ ಒಂದೇ ಕಂಬದಲ್ಲಿ ಸೇರಿರುವುದೇ ಅದರ ವಿಶೇಷ. ಜಾಗ ಉಳಿಯಿತು, ಖರ್ಚು ಉಳಿಯಿತು. ಆದರೆ ಬಾಯಿಮಾತಿನಲ್ಲಿ ಆ ಇಡೀ ಕಂಬಕ್ಕೇ ‘ಶಾಕ್ ಅಬ್ಸಾರ್ಬರ್’ ಎಂಬ ಹೆಸರು ಅಂಟಿಕೊಂಡಿತು. ಕಂಬದ ನೆತ್ತಿಯಲ್ಲಿರುವ ರಬ್ಬರಿನ ಮೌಂಟ್ ಹರಿದರೂ ‘ಶಾಕ್ ಅಬ್ಸಾರ್ಬರ್ ಹೋಗಿದೆ’, ಕಂಬದ ಬುಡದಲ್ಲಿರುವ ಬಾಲ್ ಜಾಯಿಂಟ್ ಸವೆದರೂ ‘ಶಾಕ್ ಅಬ್ಸಾರ್ಬರ್ ಹೋಗಿದೆ’.

ಇನ್ನೊಂದು ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ‘ಒಂದು ವಾರ ಸದ್ದಿರಲಿಲ್ಲ’. ಶಾಕ್ ಅಬ್ಸಾರ್ಬರ್ ಬದಲಿಸುವವರು ಚಕ್ರ ಬಿಚ್ಚುತ್ತಾರೆ, ಕಂಬವನ್ನು ಮೇಲೂ ಕೆಳಗೂ ಬಿಡಿಸುತ್ತಾರೆ, ಎಷ್ಟೋ ಸಲ ಮೌಂಟ್ ಕೂಡ ಹೊಸದು ಹಾಕುತ್ತಾರೆ, ಕೈಗೆ ಎಟುಕಿದ ನಟ್ಟುಗಳನ್ನೆಲ್ಲ ಒಂದು ಸುತ್ತು ಬಿಗಿಯುತ್ತಾರೆ. ಸದ್ದು ಕೆಲವರಿಗೆ ಪೂರ್ತಿ ನಿಲ್ಲುತ್ತದೆ, ಕೆಲವರಿಗೆ ವಾರದ ಮಟ್ಟಿಗೆ ನಿಲ್ಲುತ್ತದೆ. ಕೆಲಸ ಮಾಡಿದ್ದು ಮೌಂಟ್ ಇರಬಹುದು, ಬಿಗಿದ ನಟ್ಟು ಇರಬಹುದು, ಹೆಸರು ಬಂದದ್ದು ಶಾಕ್ ಅಬ್ಸಾರ್ಬರಿಗೆ. ಕಾರಿನವರು ನೆಂಟರಿಷ್ಟರಿಗೆಲ್ಲ ಅದನ್ನೇ ಹೇಳುತ್ತಾರೆ. ಹಾಗೆ ಹೇಳಿದ್ದನ್ನು ಕೇಳಿದ ಇನ್ನೊಬ್ಬರು ನೇರವಾಗಿ ಗ್ಯಾರೇಜಿಗೆ ಹೋಗಿ ‘ಶಾಕ್ ಅಬ್ಸಾರ್ಬರ್ ಬದಲಿಸಿ’ ಎಂದು ತಾವೇ ಕೇಳುತ್ತಾರೆ. ಗಿರಾಕಿ ಕೇಳಿದ್ದನ್ನು ಮಾಡಿಕೊಡುವುದು ಮೆಕ್ಯಾನಿಕ್‌ನ ತಪ್ಪೂ ಅಲ್ಲ.

ಹೋದ ತಿಂಗಳು ನನ್ನ ಸೋದರಮಾವ ತಮ್ಮ ಹಳೆಯ ಆಲ್ಟೊ ತಂದು ನಿಲ್ಲಿಸಿದರು. “ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿ ಹದಿನೈದು ದಿನವಾಗಿಲ್ಲ, ಸದ್ದು ಹಾಗೇ ಇದೆ ನೋಡಪ್ಪಾ” ಎಂದರು. “ಗುಂಡಿ ಬಿಡಿ ಮಾವ, ಬ್ರೇಕ್ ಹಾಕಿದಾಗ ಏನಾದರೂ ಕೇಳಿಸುತ್ತದೆಯೇ?” ಎಂದೆ. ಸ್ವಲ್ಪ ಯೋಚಿಸಿ, “ಒಂದು ಸಲ ‘ಟಕ್’ ಅನ್ನುತ್ತದೆ. ರಿವರ್ಸ್ ತೆಗೆದು ನಿಲ್ಲಿಸುವಾಗ ಇನ್ನೊಂದು ಸಲ” ಎಂದರು. ಅಷ್ಟು ಸಾಕಾಗಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರ ಹಳೆಯ ಕಾಲದ ಸರ್ವಿಸ್ ಗುಂಡಿಯ (ಕೆಳಗಿಳಿದು ಕೆಲಸ ಮಾಡಲು ನೆಲದಲ್ಲಿ ತೋಡಿದ ಗುಂಡಿ) ಮೇಲೆ ಕಾರು ನಿಲ್ಲಿಸಿದೆವು. ಈ ಗುಂಡಿಯ ಅನುಕೂಲವೆಂದರೆ ಕಾರು ತನ್ನ ಚಕ್ರದ ಮೇಲೆ, ರಸ್ತೆಯಲ್ಲಿ ನಿಂತಂತೆಯೇ ಭಾರ ಹೊತ್ತು ನಿಂತಿರುತ್ತದೆ. ಅವರು ಕೆಳಗಿಳಿದು, ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳತೋಳಾದ ಲೋಯರ್ ಆರ್ಮ್‌ಗೆ ಎಡ ಬಲ ಚಕ್ರಗಳ ನಡುವಿನ ಅಡ್ಡಸರಳಾದ ಸ್ಟೆಬಿಲೈಸರ್ ಬಾರ್ ತೂರಿಕೊಳ್ಳುವ ಕಡೆ ಮೊಣಕೈ ಉದ್ದದ ಸರಳೊಂದನ್ನು ಕೊಟ್ಟು ಮೀಟಿದರು. ‘ಕಟಕ್’. ಮಾವ ಮೇಲಿನಿಂದಲೇ “ಅದೇ, ಅದೇ!” ಎಂದು ಕೂಗಿದರು. ಟಾರ್ಚ್ ಬಿಟ್ಟು ನೋಡಿದರೆ, ಬಳೆಯಂತೆ ದುಂಡಗೆ ಇರಬೇಕಾದ ರಬ್ಬರು ಒಂದು ಕಡೆ ಸವೆದು ಅರ್ಧಚಂದ್ರವಾಗಿತ್ತು. ಬಾರ್‌ನ ತುದಿ ಎರಡು ಮೂರು ಮಿಲಿಮೀಟರಿನಷ್ಟು ಹಿಂದೆ ಮುಂದೆ ಆಡುತ್ತಿತ್ತು. ಕೆಲವು ನೂರು ರೂಪಾಯಿಯ ಬುಷ್‌ಗಳು, ಒಂದು ಬೆಳಗಿನ ಕೆಲಸ. ಅದಕ್ಕೆ ಮೊದಲು ಶಾಕ್ ಅಬ್ಸಾರ್ಬರ್ ಜೋಡಿಗೆಂದು ಸಾವಿರಗಟ್ಟಲೆ ಹೋಗಿತ್ತು.

ನಿಮ್ಮದೂ ಅದೇ ಕಾರು, ಹಾಗಾಗಿ ಇದನ್ನು ಗಮನವಿಟ್ಟು ಓದಿ. ಮಾರುತಿ 800 ಮತ್ತು ಹಳೆಯ ಆಲ್ಟೊಗಳಲ್ಲಿ ಸ್ಟೆಬಿಲೈಸರ್ ಬಾರ್‌ಗೆ ಎರಡು ಕೆಲಸ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವುದು ಒಂದು, ಲೋಯರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿದುಕೊಳ್ಳುವುದು ಇನ್ನೊಂದು. ಅದಕ್ಕೇ ಬುಷ್ ಸವೆದಾಗ ಗುಂಡಿಯಲ್ಲೂ ಸದ್ದು, ಬ್ರೇಕಿನಲ್ಲೂ ಸದ್ದು. ಬೇರೆ ಅನೇಕ ಕಾರುಗಳಲ್ಲಿ ಈ ಬಾರ್ ಪ್ರತ್ಯೇಕ ಲಿಂಕ್ ರಾಡ್‌ಗಳ ಮೂಲಕ ಕೂಡಿಕೊಂಡಿರುತ್ತದೆ. ಅಲ್ಲಿ ಲಿಂಕ್ ರಾಡ್ ಸವೆದರೆ ಬ್ರೇಕಿನಲ್ಲಿ ಸುಮ್ಮನಿದ್ದು, ಹದಗೆಟ್ಟ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮಾತ್ರ ‘ಲಟಲಟ’ ಎನ್ನುತ್ತದೆ.

ಇದನ್ನು ಮನೆಯ ಹತ್ತಿರದ ಹಂಪ್‌ನಲ್ಲೇ ಪರೀಕ್ಷಿಸಬಹುದು. ಹಂಪನ್ನು ಒಮ್ಮೆ ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಏರುವಂತೆ ದಾಟಿ. ಆಗ ಬಾರ್‌ನ ಎರಡೂ ತುದಿ ಒಟ್ಟಿಗೆ ಏಳುವುದರಿಂದ ಅದು ತಿರುಚಿಕೊಳ್ಳುವುದಿಲ್ಲ. ಇನ್ನೊಮ್ಮೆ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಿ. ಈಗ ಬಾರ್ ತಿರುಚಿಕೊಳ್ಳುತ್ತದೆ. ನೇರ ದಾಟಿದಾಗ ಮೌನ, ಓರೆ ದಾಟಿದಾಗ ಸದ್ದು ಎಂದಾದರೆ ಸ್ಟೆಬಿಲೈಸರಿನ ಬುಷ್ ಅಥವಾ ಲಿಂಕ್ ಹಿಡಿಯಿರಿ. ಎರಡರಲ್ಲೂ ಸದ್ದಾದರೆ ಮೌಂಟ್, ಲೋಯರ್ ಆರ್ಮ್, ಬಾಲ್ ಜಾಯಿಂಟ್ ನೋಡಿಸಿ. ಎಲ್ಲ ಹಂಪ್‌ಗಳೂ ಈ ಪರೀಕ್ಷೆಗೆ ಆಗುವುದಿಲ್ಲ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, 25 ಕಿಲೋಮೀಟರ್ ವೇಗದಲ್ಲಿ ಹಾಯಾಗಿ ದಾಟುವಂತಿರಬೇಕು. ಬಡಾವಣೆಗಳಲ್ಲಿ ಎದ್ದಿರುವ ಮೊಳದಗಲದ ದಿಣ್ಣೆಗಳು ಚಕ್ರವನ್ನು ಎತ್ತುವುದಿಲ್ಲ, ಗುದ್ದುತ್ತವೆ. ಬುಷ್‌ಗಳ ಆಯುಷ್ಯ ಕಳೆಯುವುದರಲ್ಲಿ ಅವುಗಳ ಪಾಲು ದೊಡ್ಡದು.

ಶಾಕ್ ಅಬ್ಸಾರ್ಬರ್ ನಿಜವಾಗಿ ಹೋಗಿದೆಯೇ ಎಂದು ತಿಳಿಯಲು ಬಾನೆಟ್ಟಿನ ಮೂಲೆಯನ್ನು ಭಾರ ಬಿಟ್ಟು ಅದುಮಿ ಕೈ ತೆಗೆಯಿರಿ. ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಅದು ಸೋತಿದೆ. ಕೊಳವೆಯ ಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೂ ಸೋತಿದೆ.

ಉಳಿದ ಸದ್ದುಗಳನ್ನು ಬೇಗ ಹೇಳಿಬಿಡುತ್ತೇನೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಟಕಟಕಟಕ’ ಎಂದರೆ ಆಕ್ಸಲ್‌ನ ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ಹೊರಳಿದಾಗಲೂ ಅದನ್ನು ತಿರುಗಿಸುವ ಕೀಲು. ವೇಗದೊಂದಿಗೆ ಏರುವ ‘ಗುಂಯ್’ ಎಂಬ ಮೊರೆತ ಬಲಕ್ಕೆ ತಿರುಗಿದಾಗ ಹೆಚ್ಚಾದರೆ, ಭಾರ ಬೀಳುವ ಎಡಗಡೆಯ ಚಕ್ರದ ಬೇರಿಂಗ್ ನೋಡಿಸಿ. ಮಳೆ ಬಂದ ಮರುದಿನ ಬೆಳಿಗ್ಗೆ ಬ್ರೇಕು ‘ಕಿರ್’ ಎಂದು ನಾಲ್ಕಾರು ಸಲ ಒತ್ತಿದ ಮೇಲೆ ಸುಮ್ಮನಾದರೆ ಅದು ಡಿಸ್ಕಿನ ಮೇಲೆ ಹಿಡಿದ ತೆಳು ತುಕ್ಕು, ಚಿಂತೆ ಬೇಡ. ಸದ್ದು ಎಂಜಿನ್ನಿನದೋ ಚಕ್ರದ್ದೋ ಎಂಬ ಅನುಮಾನವಿದ್ದರೆ ಲಯವನ್ನು ಕೇಳಿ. ಮಾರುತಿ 800ರ 12 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಸಾಗುತ್ತದೆ. 20 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ಮೂರೂವರೆ ಸುತ್ತು. ಸದ್ದು ಅದೇ ಲೆಕ್ಕದಲ್ಲಿ ಬಂದು, ಗೇರ್ ಬದಲಿಸಿದರೂ ಲಯ ಬದಲಾಗದಿದ್ದರೆ ಎಂಜಿನ್ನನ್ನು ಬಿಟ್ಟುಬಿಡಿ.

ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ, ಅಂದರೆ ಸದ್ದನ್ನು ಅನುಕರಿಸುವ ಪದಗಳು, ಓದಿದ್ದು ನೆನಪಿದೆಯೇ? ಕಾರಿನ ಸದ್ದುಗಳನ್ನು ಗುರುತಿಸಲು ಅದಕ್ಕಿಂತ ಒಳ್ಳೆಯ ಉಪಕರಣ ನಾನು ಕಂಡಿಲ್ಲ. ಕಟಕಟ ಬೇರೆ, ಟಕಟಕ ಬೇರೆ, ಗರಗರ ಬೇರೆ, ಲಟಕ್ ಬೇರೆ, ಧಡ್ ಬೇರೆ. ಕನ್ನಡ ಬಲ್ಲ ಯಾವ ಮೆಕ್ಯಾನಿಕ್‌ಗೂ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಗ್ಯಾರೇಜಿಗೆ ಹೋದಾಗ ಬಿಡಿಭಾಗದ ಹೆಸರು ಹೇಳಬೇಡಿ. ಸದ್ದನ್ನು ಹೇಳಿ. ಅದು ಯಾವಾಗ ಬರುತ್ತದೆ, ಯಾವ ಕಡೆಯಿಂದ, ಎಷ್ಟು ವೇಗದಲ್ಲಿ, ಬ್ರೇಕ್ ಹಾಕಿದಾಗಲೋ ತಿರುಗಿದಾಗಲೋ ಎಂದು ಹೇಳಿ. ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಗುಂಡಿಗೆ ಇಳಿಸಿ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು, ಏಕೆಂದರೆ ಮುಂದಿನ ವರ್ಷ ನೀವೇ ಕೇಳುತ್ತೀರಿ: ಹೊಸ ಬುಷ್ ಆರೇ ತಿಂಗಳಿಗೆ ಏಕೆ ಹರಿಯಿತು?

‘ಡೂಪ್ಲಿಕೇಟ್ ಮಾಲು’ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಬೈಯುವವರನ್ನು ಕಂಡಿದ್ದೇನೆ. ಮಾಲು ಕಳಪೆ ಇರಲೂಬಹುದು. ಆದರೆ ಎಷ್ಟೋ ಸಲ ತಪ್ಪು ನಡೆದಿರುವುದು ಬೋಲ್ಟು ಬಿಗಿಯುವಾಗ. ಲೋಯರ್ ಆರ್ಮ್‌ನ ಒಳತುದಿಯ ಬುಷ್‌ನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಆರ್ಮ್ ಏರಿಳಿದಾಗ ರಬ್ಬರು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರನ್ನು ಜಾಕ್ ಮೇಲೆತ್ತಿ, ಚಕ್ರ ಜೋತುಬಿದ್ದಿರುವಾಗ ಬೋಲ್ಟು ಬಿಗಿದುಬಿಟ್ಟರೆ ರಬ್ಬರು ಆ ಜೋತ ಸ್ಥಿತಿಯನ್ನೇ ತನ್ನ ಸಹಜ ನಿಲುವಾಗಿ ಹಿಡಿದುಕೊಳ್ಳುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದಲೇ ಅದು ತಿರುಚಿಕೊಂಡು ನಿಲ್ಲುತ್ತದೆ. ಮೇಲಿನಿಂದ ದಿನಕ್ಕೆ ನೂರು ಗುಂಡಿ. ಹರಿಯದೆ ಇನ್ನೇನು ಮಾಡೀತು?

ಆದ್ದರಿಂದ ಕೆಲಸ ಕೊಡುವಾಗಲೇ ಹೇಳಿ: ಬೋಲ್ಟು ಕೈಬಿಗಿಯಷ್ಟು ಕೂರಿಸಿ, ಕಾರನ್ನು ನಾಲ್ಕೂ ಚಕ್ರದ ಮೇಲೆ ಇಳಿಸಿ, ಮುಂದಕ್ಕೂ ಹಿಂದಕ್ಕೂ ಒಮ್ಮೆ ದೂಡಿ, ಆಮೇಲೆ ಕೊನೆಯ ಬಿಗಿತ ಕೊಡಲಿ. ಬಿಗಿಯುವವರು ಸರ್ವಿಸ್ ಗುಂಡಿಗೆ ಇಳಿಯಲಿ, ಬರೀ ಜಾಕ್ ನಂಬಿ ಯಾರೂ ಕಾರಿನಡಿಗೆ ತೂರುವುದು ಬೇಡ. ಬಾಲ್ ಜಾಯಿಂಟ್‌ನಲ್ಲಿ ಆಟ ಕಂಡಿದ್ದರೆ ಮಾತ್ರ ಸಂಬಳದ ದಿನ ಕಾಯಬೇಡಿ, ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ತೆಗೆದ ಹಳೆಯ ಬುಷ್‌ಗಳನ್ನು ಕೇಳಿ ಪಡೆದು, ಬೆರಳಿನಿಂದ ಒತ್ತಿ ನೋಡಿ. ನಿಮ್ಮ ಸದ್ದು ಎಲ್ಲಿತ್ತು ಎಂದು ಕೈಗೇ ತಿಳಿಯುತ್ತದೆ.