ತಂತಿ ಹೋಯಿತು, ತಂತಿ ಕಾಲದ ಅಧಿಕಾರ ಉಳಿಯಿತು

ಮಾನ್ವಿ ಕಡೆಯ ಒಂದು ಹಳ್ಳಿ. ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ಜನ ಸಾಲು ನಿಂತಿದ್ದರು. ಅಜ್ಜಿಯೊಬ್ಬರು ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಮಷೀನ್ ಮೇಲೆ ಒತ್ತಿದರು. ಆಗಲಿಲ್ಲ. ಮತ್ತೆ ಒರೆಸಿಕೊಂಡು ಒತ್ತಿದರು. "ಸರ್ವರ್ ಇಲ್ಲ ಯವ್ವಾ, ನಾಳೆ ಬಾ" ಅಂದ ಅಂಗಡಿಯವ. ಅಜ್ಜಿ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಲ್ಲಿ ಹೊರಟರು.

ಅವತ್ತು ಯಾರೂ ಬೇಕಂತ ನೆಟ್ ನಿಲ್ಲಿಸಿರಲಿಲ್ಲ. ರಸ್ತೆ ಅಗೆಯುವಾಗ ಕೇಬಲ್ ಕಡಿದಿತ್ತಂತೆ. ಆದರೆ ಸರ್ಕಾರವೇ ಒಂದು ಆದೇಶ ಹೊರಡಿಸಿ ಇಡೀ ಜಿಲ್ಲೆಯ ನೆಟ್ ನಿಲ್ಲಿಸಬಹುದು. ಕಾಶ್ಮೀರ, ಮಣಿಪುರದ ಜನ ಇದನ್ನು ತಿಂಗಳುಗಟ್ಟಲೆ ಅನುಭವಿಸಿದ್ದಾರೆ. ಈ ಅಧಿಕಾರ ಎಲ್ಲಿಂದ ಬಂತು?

ಉತ್ತರ ಹುಡುಕಿದರೆ ರಾಯಚೂರು ರೈಲ್ವೆ ಸ್ಟೇಷನ್ ನೆನಪಾಗುತ್ತದೆ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ಕೂಡಿದ್ದು ಇಲ್ಲೇ. ಆ ಕಾಲದಲ್ಲಿ ಹಳಿ ಹೋದಲ್ಲೆಲ್ಲ ಟೆಲಿಗ್ರಾಫ್ ತಂತಿಯೂ ಹೋಗುತ್ತಿತ್ತು. ತಂತಿ ಕೈಯಲ್ಲಿದ್ದರೆ ಎಷ್ಟು ಅನುಕೂಲ ಅನ್ನುವುದನ್ನು ಬ್ರಿಟಿಷರು 1857ರ ದಂಗೆಯಲ್ಲಿ ಕಂಡುಕೊಂಡಿದ್ದರು. 1885ರಲ್ಲಿ ಟೆಲಿಗ್ರಾಫ್ ಕಾಯ್ದೆ ತಂದರು. ಅದರ 5ನೇ ಸೆಕ್ಷನ್‌ನಲ್ಲಿ ಎರಡು ಮಾತು ಸೇರಿಸಿದರು: 'ಸಾರ್ವಜನಿಕ ತುರ್ತುಸ್ಥಿತಿ', 'ಸಾರ್ವಜನಿಕ ಸುರಕ್ಷತೆ'. ಇವೆರಡರಲ್ಲಿ ಒಂದು ಕಾರಣ ಇದ್ದರೆ ಸಾಕು, ಸರ್ಕಾರ ಸಂದೇಶಗಳನ್ನು ತಡೆಯಬಹುದಿತ್ತು.

ಬ್ರಿಟಿಷರು ಹೋದರು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೂ ನಿಂತಿತು. ಆ ಎರಡು ಮಾತು ಮಾತ್ರ ಹೋಗಲಿಲ್ಲ. 2023ರ ಹೊಸ ದೂರಸಂಪರ್ಕ ಕಾಯ್ದೆಯ 20ನೇ ಸೆಕ್ಷನ್‌ನಲ್ಲೂ ಅವೇ ಕೂತಿವೆ. ನೆಟ್ ನಿಲ್ಲಿಸುವ ಆದೇಶಕ್ಕೂ ಅವೇ ಆಧಾರ.

ತುರ್ತುಸ್ಥಿತಿ ಅಂದ ಕೂಡಲೇ ನಮಗೆ 1975 ನೆನಪಾಗುತ್ತದೆ, ಅಲ್ವಾ? ಅದು ಬೇರೆ, ಇದು ಬೇರೆ. ಅವತ್ತಿನದು ಸಂವಿಧಾನದ 352ನೇ ವಿಧಿಯಡಿ ರಾಷ್ಟ್ರಪತಿ ಘೋಷಿಸಿದ್ದು. ನೆಟ್ ನಿಲ್ಲಿಸೋಕೆ ಅಷ್ಟೆಲ್ಲ ಬೇಡ. ರಾಜ್ಯದ ಗೃಹ ಇಲಾಖೆಯ ಕಾರ್ಯದರ್ಶಿ ಒಂದು ಸಹಿ ಹಾಕಿದರೆ ಮುಗೀತು. ಶಾಸನಸಭೆಯಲ್ಲಿ ಚರ್ಚೆ ಆಗಬೇಕಿಲ್ಲ.

2017ಕ್ಕಿಂತ ಮೊದಲು ಇಷ್ಟು ನಿಯಮವೂ ಇರಲಿಲ್ಲ. 2015ರಲ್ಲಿ ಗುಜರಾತಿನ ಪಾಟೀದಾರ್ ಹೋರಾಟದ ವೇಳೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಲು ಬಳಸಿದ್ದು ಸೆಕ್ಷನ್ 144. ನಾಲ್ಕು ಜನ ಗುಂಪು ಸೇರದಂತೆ ತಡೆಯುವುದಕ್ಕೆ ನಮಗೆಲ್ಲ ಗೊತ್ತಿರುವ ಅದೇ ಸೆಕ್ಷನ್! ನೆಟ್ ನಿಲ್ಲಿಸುವುದಕ್ಕೇ ಅಂತ ನಿಯಮ ಬಂದದ್ದು 2017ರ ಆಗಸ್ಟ್‌ನಲ್ಲಿ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ನಮ್ಮ ರಾಜ್ಯದ ದಕ್ಷಿಣ ಕನ್ನಡದಲ್ಲೂ 48 ಗಂಟೆ ಮೊಬೈಲ್ ಇಂಟರ್ನೆಟ್ ಬಂದ್ ಆಯಿತು.

ಸರ್ಕಾರದ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಅಂತ ಕಲ್ಯಾಣ ಕರ್ನಾಟಕದ ನಾವು ಮರೆಯಬಾರದು. ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಅಂತ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಿದರು. ಗುಂಪು ಸೇರಿ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಜಾಸ್ತಿ ಕಡೆ ಒಂದೇ ಸಲ ಕಳಿಸದಂತೆ ಮಿತಿ ಹಾಕಲು ಹೊರಟಿತು. ವದಂತಿಯ ಕಾಲು ಕಟ್ಟಲು ಇಂಥ ದಾರಿಗಳೂ ಇವೆ. ಪೂರ್ತಿ ನೆಟ್ ತೆಗೆದರೆ ವದಂತಿಯ ಜೊತೆ "ಅದು ಸುಳ್ಳು" ಅಂತ ಪೊಲೀಸರು ಹಾಕುವ ಸಂದೇಶವೂ ತಲುಪುವುದಿಲ್ಲ.

ದೊಡ್ಡ ತಿರುವು ಬಂದದ್ದು ಕಾಶ್ಮೀರದಿಂದ. 2019ರ ಆಗಸ್ಟ್ 4ರ ರಾತ್ರಿ ಅಲ್ಲಿ ಫೋನು, ನೆಟ್ಟು ಎಲ್ಲ ನಿಂತವು. 'ಕಾಶ್ಮೀರ್ ಟೈಮ್ಸ್' ಪತ್ರಿಕೆಯ ಸಂಪಾದಕಿ ಅನುರಾಧಾ ಭಾಸಿನ್ ಸುಪ್ರೀಂ ಕೋರ್ಟಿಗೆ ಹೋದರು. ಸುದ್ದಿ ತರಿಸಲು ದಾರಿಯಿಲ್ಲದೆ ಅವರ ಪತ್ರಿಕೆಯ ಶ್ರೀನಗರ ಆವೃತ್ತಿ ನಿಂತುಹೋಗಿತ್ತು. ಆ ವಿಚಾರಣೆಯಲ್ಲಿ ಒಂದು ವಿಷಯ ನನ್ನನ್ನು ಬೆಚ್ಚಿಸಿತು. ನೆಟ್ ನಿಲ್ಲಿಸಿದ ಎಲ್ಲ ಆದೇಶಗಳನ್ನು ಸರ್ಕಾರ ಕೋರ್ಟಿನ ಮುಂದೆ ಇಡಲೇ ಇಲ್ಲ, ಕೆಲವನ್ನು ಮಾದರಿಗೆ ಅಂತ ಕೊಟ್ಟಿತು. ಕಾಗದವೇ ಕಾಣದಿದ್ದರೆ ತಪ್ಪೋ ಸರಿಯೋ ಹೇಳುವುದು ಹೇಗೆ?

2020ರ ಜನವರಿ 10ರ ತೀರ್ಪು ಇದನ್ನೇ ಹಿಡಿಯಿತು. ಆದೇಶವನ್ನು ಪ್ರಕಟಿಸಬೇಕು. ಕೊನೆ ದಿನವೇ ಇಲ್ಲದೆ ನೆಟ್ ನಿಲ್ಲಿಸುವಂತಿಲ್ಲ. ಕಡಿಮೆ ತೊಂದರೆಯ ದಾರಿ ಇದ್ದರೆ ಅದನ್ನು ಮೊದಲು ನೋಡಬೇಕು. ನೆಟ್ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ. ಇಷ್ಟಾದರೂ ಕಾಶ್ಮೀರಕ್ಕೆ 4ಜಿ ವಾಪಸ್ ಬಂದದ್ದು 2021ರ ಫೆಬ್ರವರಿಯಲ್ಲಿ.

ಆಮೇಲೆ ಒಂದು ಆದೇಶಕ್ಕೆ ಗರಿಷ್ಠ 15 ದಿನ ಅನ್ನುವ ಮಿತಿ ಬಂತು. ಆದರೆ ಹೊಸ ಆದೇಶ ಹೊರಡಿಸುತ್ತಾ ಹೋಗಬಹುದು. 2021ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನ ಶಿಕ್ಷಕರ ಪರೀಕ್ಷೆಯಲ್ಲಿ ನಕಲು ತಡೆಯಲು ನೆಟ್ ನಿಲ್ಲಿಸಿತು. ಪರೀಕ್ಷೆಯ ನಕಲೂ ಸಾರ್ವಜನಿಕ ತುರ್ತುಸ್ಥಿತಿಯೇ? ಅದೇ ಡಿಸೆಂಬರ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ, ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಸಲ ನೆಟ್ ನಿಂತಿದೆ ಅನ್ನುವ ಲೆಕ್ಕವನ್ನೇ ಕೇಂದ್ರ ಇಟ್ಟಿಲ್ಲ ಅಂತ ಹೇಳಿತು. ಇಂಥ ಆದೇಶ ಸರಿಯಿದೆಯಾ ಅಂತ ನೋಡುವ ಪರಿಶೀಲನಾ ಸಮಿತಿಯಲ್ಲಿ ನಿವೃತ್ತ ನ್ಯಾಯಾಧೀಶರಂಥ ಹೊರಗಿನವರೂ ಇರಲಿ ಅಂತ ಸಲಹೆ ಕೊಟ್ಟಿತು.

2024ರ ನವೆಂಬರ್‌ನಲ್ಲಿ ಹೊಸ ನಿಯಮ ಬಂತು. ಕಾರಣ, ಪ್ರದೇಶ, ಅವಧಿ ಎಲ್ಲವನ್ನೂ ಬರೆದು ಆದೇಶ ಪ್ರಕಟಿಸಬೇಕು ಅನ್ನುವುದು ಈಗ ನಿಯಮದಲ್ಲೇ ಇದೆ. ಇದು ಒಳ್ಳೆಯದು, ಮನಸಾರೆ ಹೇಳುತ್ತೇನೆ. ಆದರೆ ರಾಜ್ಯದ ಪರಿಶೀಲನಾ ಸಮಿತಿಯಲ್ಲಿ ಇರುವವರು ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಇನ್ನೊಬ್ಬ ಕಾರ್ಯದರ್ಶಿ. ಸಹಿ ಹಾಕುವವರೂ ಅಧಿಕಾರಿಗಳೇ, ಸರಿಯಿದೆಯಾ ಅಂತ ನೋಡುವವರೂ ಅಧಿಕಾರಿಗಳೇ.

ಹಾಗಾಗಿ ನಾಳೆ ನಮ್ಮ ಕಡೆ ನೆಟ್ ನಿಂತರೆ ನಾನು ಮೊದಲು ಕೇಳುವುದು ಆ ಆದೇಶದ ಪ್ರತಿಯನ್ನು. ಯಾವ ತಾಲೂಕು, ಎಷ್ಟು ಗಂಟೆವರೆಗೆ, ಏನು ಕಾರಣ, ಯಾರ ಸಹಿ? ಪ್ರಶ್ನಿಸಬೇಕು ಅಂದರೆ ರಾಯಚೂರಿನವರಿಗೆ ಹೈಕೋರ್ಟಿನ ಕಲಬುರಗಿ ಪೀಠ ಇದೆ, ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ. ಅಲ್ಲಿ ವಕೀಲರು ಮೊದಲು ಕೇಳುವುದೂ ಆ ಪ್ರತಿಯನ್ನೇ. ರೇಷನ್ ಅಂಗಡಿ ಮುಂದೆ ನಿಂತ ಅಜ್ಜಿಗೂ ಅದು ಸಿಗಬೇಕು. "ಸರ್ವರ್ ಇಲ್ಲ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಅಂಗಡಿ ಬಾಗಿಲಿಗೆ ಕನ್ನಡದಲ್ಲಿ ಆದೇಶ ಅಂಟಿಸಿದ್ದರೆ ಪಕ್ಕದವರ ಹತ್ತಿರ ಓದಿಸಿಕೊಂಡಾದರೂ ತಿಳಿದುಕೊಳ್ಳುತ್ತಾರೆ.