ಸಿಲಿಕೋನ್‌ಗೆ ಅಂಟುವುದು ಸಿಲಿಕೋನೇ

ಹಾಸನದ ನನ್ನ ಕಾರ್ಯಾಗಾರಕ್ಕೆ ಬರುವವರ ಪ್ರಶ್ನೆ ಬಹುತೇಕ ಒಂದೇ: ‘ಅಚ್ಚು ಬಿಡುತ್ತಿಲ್ಲ, ಇನ್ನೂ ಒಳ್ಳೆಯ ರಿಲೀಸ್ ಏಜೆಂಟ್ ಯಾವುದು?’ ರಿಲೀಸ್ ಏಜೆಂಟ್ ಎಂದರೆ ಅಚ್ಚು ಅಂಟದಂತೆ ಮೊದಲೇ ಹಚ್ಚುವ ಲೇಪ. ತಂದಿರುವುದು ಎರಡು ಭಾಗದ ಸಿಲಿಕೋನ್ ಅಚ್ಚು ಎನ್ನುತ್ತಾರೆ, ಅಂದರೆ ಒಂದು ಅರ್ಧ ಸುರಿದು ಗಟ್ಟಿಯಾದ ಮೇಲೆ ಇನ್ನೊಂದು ಅರ್ಧ ಸುರಿದದ್ದು. ನೋಡಿದರೆ ಒಂದೇ ಗಟ್ಟಿ, ಒಳಗೆ ಸಿಕ್ಕಿಕೊಂಡ ಮೂರ್ತಿ. ಮೂರ್ತಿಗೆ ಪದರದ ಮೇಲೆ ಪದರ ವ್ಯಾಸಲೀನ್ ಬಳಿದಿರುತ್ತಾರೆ. ಮೊದಲು ಸುರಿದ ಅರ್ಧದ ಅಂಚಿಗೆ ಏನನ್ನೂ ಹಚ್ಚಿರುವುದಿಲ್ಲ.

‘ಅದು ಆಗಲೇ ಗಟ್ಟಿಯಾಗಿತ್ತಲ್ಲ, ಹೇಗೆ ಅಂಟಿತು?’ ಎಂದು ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮರೆಯುವುದು ಇದನ್ನೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಗಟ್ಟಿಯಾದ ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಗೋಂದು ಹಿಡಿಯುವುದಿಲ್ಲ. ಅಚ್ಚಿಗೆ ಅದನ್ನು ಆರಿಸಿಕೊಂಡದ್ದೇ ಆ ಗುಣಕ್ಕಾಗಿ. ಆದರೆ ಹಸಿ ಸಿಲಿಕೋನ್‌ಗೆ ಆ ಮೇಲ್ಮೈ ತನ್ನದೇ ಪದಾರ್ಥ. ಅದರ ಮೇಲೆ ಹರಡಿ, ಬೆಸೆದುಕೊಂಡು, ಒಂದೇ ತುಂಡಾಗಿ ಗಟ್ಟಿಯಾಗುತ್ತದೆ. ಒಂದು ದಿನ ಕಾದು ಸುರಿದರೂ ಅಷ್ಟೇ, ಒಂದು ವಾರ ಕಾದು ಸುರಿದರೂ ಅಷ್ಟೇ. ಹಸಿ ಸಿಲಿಕೋನ್ ಗಟ್ಟಿ ಸಿಲಿಕೋನನ್ನು ಮುಟ್ಟುವ ಪ್ರತಿಯೊಂದು ಜಾಗಕ್ಕೂ ರಿಲೀಸ್ ಏಜೆಂಟ್ ತಾಗಿರಲೇಬೇಕು. ಎರಡು ಭಾಗ ಸರಿಯಾಗಿ ಕೂರಲೆಂದು ಮಾಡಿದ ಕುಳಿಗಳ ಒಳಗೂ ತಾಗಿರಬೇಕು. ಕುಂಚ ತಪ್ಪುವುದು ಅಲ್ಲೇ.

ಬೇಲೂರಿನ ಹುಡುಗನೊಬ್ಬ ತಾನೇ ಜೇಡಿಯಲ್ಲಿ ಮಾಡಿದ ಪುಟ್ಟ ಶಿಲಾಬಾಲಿಕೆಯನ್ನು ಹೀಗೆ ಕಳೆದುಕೊಳ್ಳುವುದರಲ್ಲಿದ್ದ. ಕೈ ಒಳ್ಳೆಯದು, ಬೆರಳಿನ ಬಳುಕೂ ಸ್ಪಷ್ಟವಾಗಿ ಮೂಡಿಸಿದ್ದ. ಹುಡುಗನ ಮುಖ ಬಾಡಿತ್ತು. ಹರಿತವಾದ ಬ್ಲೇಡಿನಿಂದ ಸೇರುವ ಗೆರೆಯುದ್ದಕ್ಕೂ ಅಂಕುಡೊಂಕಾಗಿ ಕೊಯ್ದೆವು. ನೇರ ಕೊಯ್ದರೆ ಭಾಗಗಳು ಜಾರುತ್ತವೆ, ಅಂಕುಡೊಂಕಿದ್ದರೆ ತಾವಾಗಿಯೇ ಕಚ್ಚಿ ಕೂರುತ್ತವೆ. ಅಚ್ಚು ಉಳಿಯಿತು. ಎಲ್ಲ ಅಚ್ಚೂ ಹೀಗೆ ಉಳಿಯುತ್ತದೆ ಎಂದು ಭರವಸೆ ಕೊಡಲಾರೆ.

ಅಂಚಿಗೆ ತೆಳ್ಳಗೆ ಉಜ್ಜಿದ ವ್ಯಾಸಲೀನ್ ಸಾಮಾನ್ಯವಾಗಿ ಸಾಕು. ಮೂರ್ತಿಯ ಮುಖಕ್ಕೆ ದಪ್ಪಗೆ ಬಳಿಯಬೇಡಿ. ಸಿಲಿಕೋನ್ ಬೆರಳಚ್ಚನ್ನೂ ನಕಲು ಮಾಡುತ್ತದೆ. ಕುಂಚದ ಗೆರೆಗಳು ಪ್ರತಿಯೊಂದು ಎರಕದ ಕೆನ್ನೆಯ ಮೇಲೂ ಕಾಣುತ್ತವೆ. ಸ್ಪ್ರೇಗಳ ವಿಷಯದಲ್ಲಿ ತಯಾರಕರ ಸೂಚನೆ ಓದಿ, ಚಿಕ್ಕ ತುಂಡಿನ ಮೇಲೆ ಪರೀಕ್ಷಿಸಿ. ಎಲ್ಲವೂ ಎಲ್ಲ ಸಿಲಿಕೋನ್‌ಗೂ ಹೊಂದುವುದಿಲ್ಲ.

ಅಚ್ಚಿನ ಒಳಮೈ ಜಿಗುಟಾಗಿಯೇ ಉಳಿದಿದ್ದರೆ ಅದು ಅಂಟಿದ್ದಲ್ಲ, ಗಟ್ಟಿಯಾಗದೆ ಉಳಿದದ್ದು. ಪ್ಲಾಟಿನಂ ಬಗೆಯ ಸಿಲಿಕೋನ್ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವಂಥದ್ದು) ಗಂಧಕವಿರುವ ಮಾಡೆಲಿಂಗ್ ಜೇಡಿಯ ಮೇಲೆ, ಲ್ಯಾಟೆಕ್ಸ್ ಮೇಲೆ, ಕೆಲವು ತ್ರೀಡಿ ಪ್ರಿಂಟ್ ರೆಸಿನ್‌ಗಳ ಮೇಲೆ ಗಟ್ಟಿಯಾಗುವುದಿಲ್ಲ. ಎಷ್ಟು ವ್ಯಾಸಲೀನ್ ಸುರಿದರೂ ಅದಕ್ಕೆ ಭರವಸೆಯ ಮದ್ದಲ್ಲ.

ಪ್ಲಾಸ್ಟರ್, ಮರ, ಸುಟ್ಟ ಮಣ್ಣು ಇವುಗಳ ರಂಧ್ರಗಳಿಗೆ ಸಿಲಿಕೋನ್ ಇಳಿದು ಕಚ್ಚಿಕೊಳ್ಳುತ್ತದೆ. ಮೊದಲು ಅರಗಿನ ಪಾಲಿಶ್ ಕೊಟ್ಟು ರಂಧ್ರ ಮುಚ್ಚಿ, ಆಮೇಲೆ ರಿಲೀಸ್ ಏಜೆಂಟ್. ಸಕಲೇಶಪುರದ ಕಡೆಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಪ್ಲಾಸ್ಟರ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ. ಅದರ ಮೇಲೆ ಪಾಲಿಶ್ ಹಿಡಿಯುವುದಿಲ್ಲ.

ಬೇಲೂರು, ಹಳೇಬೀಡಿನ ಗುಡಿಗಳ ಶಿಲ್ಪದಿಂದಲೇ ಅಚ್ಚು ತೆಗೆದುಕೊಡಿ ಎಂದು ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಅವು ಸಂರಕ್ಷಿತ ಸ್ಮಾರಕಗಳು, 2023ರಿಂದ ವಿಶ್ವ ಪರಂಪರೆಯ ತಾಣಗಳು. ಸಿಲಿಕೋನ್‌ನಿಂದ ಜಿನುಗುವ ಎಣ್ಣೆ ಕಲ್ಲಿಗೆ ಇಳಿದರೆ ಕಪ್ಪನೆಯ ಕಲೆ ಉಳಿಯುತ್ತದೆ, ತೆಗೆಯುವುದು ಬಹಳ ಕಷ್ಟ. ನೀವೇ ಕೆತ್ತಿದ ಬಳಪದ ಕಲ್ಲಿನ ಮೂರ್ತಿಯಾದರೂ ಮೊದಲು ಪೀಠದ ತಳಭಾಗದಲ್ಲಿ ಒಂದು ಚಮಚದಷ್ಟು ಸಿಲಿಕೋನ್ ಹಾಕಿ, ಮರುದಿನ ಕಿತ್ತು ಬೆಳಕಿನಲ್ಲಿ ನೋಡಿ. ಕಲೆ ಬಿದ್ದಿದ್ದರೆ ಆ ಮೂರ್ತಿಗೆ ಸಿಲಿಕೋನ್ ಬೇಡ, ಜೇಡಿಯಲ್ಲಿ ಅದರ ಪ್ರತಿ ಮಾಡಿಕೊಂಡು ಬನ್ನಿ.